ನೂರ ಎಂಬತ್ತಮೂರನೇ ಡಿಗ್ರಿ

ನಮ್ಮಕ್ಕ ಭೂಗೋಳದ ಟೀಚರು. ಮಾತು ಕಡಿಮೆ, ಹಟ ಜಾಸ್ತಿ. ಭಾವ ಸರಕಿನ ಹಡಗಿನಲ್ಲಿ ಇಂಜಿನ್ ನೋಡಿಕೊಳ್ಳುವವರು. ಮದುವೆಯಾಗಿ ಒಂಬತ್ತು ವರ್ಷ. ಜೊತೆಗಿದ್ದದ್ದು ಎಲ್ಲ ಕೂಡಿಸಿದರೂ ಎರಡು ವರ್ಷ ದಾಟದು. ಕೇಳಿದರೆ, "ನಾನೇನು ಚಿಕ್ಕ ಮಗುವಾ?" ಅನ್ನುತ್ತಿದ್ದಳು. ಸುಳ್ಳುಬುರುಕಿ! ಬೀರುವಿನಲ್ಲಿದ್ದ ಅವರ ಶರ್ಟುಗಳನ್ನೇ ತೆಗೆದು ತೆಗೆದು ಇಸ್ತ್ರಿ ಮಾಡಿಡುತ್ತಿದ್ದದ್ದು ನನಗೆ ಗೊತ್ತಿಲ್ಲವೇ?

ನಾವಾಗಿ ಹಡಗಿಗೆ ಫೋನ್ ಮಾಡುವ ಹಾಗಿರಲಿಲ್ಲ. ಭಾನುವಾರಕ್ಕೊಮ್ಮೆ, ಹಡಗಿನ ಗಡಿಯಾರದಲ್ಲಿ ಸಂಜೆ ಐದಕ್ಕೆ, ಭಾವನ ಸರದಿ. ಮೂರೇ ನಿಮಿಷ. ನಮ್ಮಲ್ಲಿ ಆಗೆಷ್ಟು ಗಂಟೆ ಅನ್ನುವುದು ಅಕ್ಕನ ಲೆಕ್ಕ. ಹದಿನೈದು ಡಿಗ್ರಿಗೆ ಒಂದು ಗಂಟೆ. ಪೂರ್ವಕ್ಕಾದರೆ ಕೂಡಿಸು, ಪಶ್ಚಿಮಕ್ಕಾದರೆ ಕಳೆ. ಹಡಗಿನವರು ಪುಡಿ ನಿಮಿಷದ ಗೊಡವೆಗೆ ಹೋಗದೆ, ಹತ್ತಿರದ ಪೂರಾ ಗಂಟೆಗೆ ಗಡಿಯಾರ ತಿರುಗಿಸುತ್ತಾರೆ. ಅವಳು ಒಂದು ಸಲವೂ ತಪ್ಪಿದವಳಲ್ಲ.

ಆ ವಾರ ಭಾವ ಕೇಳಿದರು: "ಇನ್ನೆರಡು ವರ್ಷಕ್ಕೆ ಸಹಿ ಹಾಕು ಅಂತಿದಾರೆ. ಬರೋ ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಹೇಳ್ಬೇಕು. ಏನ್ಮಾಡ್ಲಿ?"

"ನಿಮ್ಮಿಷ್ಟ." ಮಹಾತಾಯಿ ಬಾಯಿಂದ ಉದುರಿದ ಮುತ್ತು ಇಷ್ಟೇ.

ಫೋನಿಟ್ಟ ಮೇಲೆ ಬಿಕ್ಕಿ ಬಿಕ್ಕಿ ಅತ್ತಳು. "ತಂತಿ ಕೊಡೇ" ಅಂದೆ.

"ಬಂದ್ಬಿಡಿ ಅನ್ನೋದನ್ನ ತಂತಿ ಆಫೀಸಿನವರ ಕೈಲಿ ಹೇಳಿಸ್ಲಾ? ಭಾನುವಾರ ಸಿಗ್ತಾರಲ್ಲ, ನಾನೇ ಹೇಳ್ತೀನಿ."

ಭಾವ ಹೇಳಿದ ಪ್ರಕಾರ ಹಡಗು ಪಶ್ಚಿಮ ರೇಖಾಂಶ ನೂರೈವತ್ತೈದರಲ್ಲಿತ್ತು. ದಿನಕ್ಕೆ ನಾಲ್ಕು ಡಿಗ್ರಿ ಪಶ್ಚಿಮಕ್ಕೇ ಹೋಗುತ್ತಿತ್ತು. ವಾರಕ್ಕೆ ಇಪ್ಪತ್ತೆಂಟು, ಒಟ್ಟು ನೂರ ಎಂಬತ್ತಮೂರು. ಹದಿನೈದರಿಂದ ಭಾಗಿಸಿದಳು: ಸೊನ್ನೆ ರೇಖೆಗಿಂತ ಹನ್ನೆರಡು ಗಂಟೆ ಹಿಂದೆ. ನಾವು ಐದೂವರೆ ಗಂಟೆ ಮುಂದೆ. ಅವರ ಭಾನುವಾರ ಸಂಜೆ ಐದು ಅಂದರೆ ನಮಗೆ ಸೋಮವಾರ ಬೆಳಿಗ್ಗೆ ಹತ್ತೂವರೆ. ಶಾಲೆಗೆ ರಜೆ ಹಾಕಿ, ನೀಟಾಗಿ ತಲೆ ಬಾಚಿಕೊಂಡು ಕೂತಳು. "ಫೋನಲ್ಲಿ ಮುಖ ಕಾಣುತ್ತೇನೇ?" ಅಂತ ರೇಗಿಸಿದೆ.

ಸರಿಯಾಗಿ ಹತ್ತೂವರೆಗೆ ಫೋನು ಬಂತು. ನಾನೂ ನಾಚಿಕೆ ಬಿಟ್ಟು ಪಕ್ಕದಲ್ಲೇ ಕಿವಿಯಿಟ್ಟೆ.

"ರೀ, ಸಹಿ ಹಾಕ್ಬೇಡಿ. ಬಂದ್ಬಿಡಿ. ನನಗೆ ನೀವು ಬೇಕು."

ಭಾವ ಮೆಲ್ಲಗೆ ಅಂದರು: "ಇಲ್ಲಿ ಸೋಮವಾರ ಸಂಜೆ ಕಣೇ. ದಿನಾಂಕ ರೇಖೆ ದಾಟಿದ್ವಿ. ಶನಿವಾರ ಆದ್ಮೇಲೆ ಸೋಮವಾರವೇ ಬಂತು, ನನ್ನ ಸರದೀನೂ ಇವತ್ತಿಗೆ ಹಾಕಿದ್ರು. ನಿಮ್ಮಿಷ್ಟ ಅಂದಿದ್ಯಲ್ಲ... ಮಧ್ಯಾಹ್ನ ಸಹಿ ಹಾಕ್ಬಿಟ್ಟೆ."

ಅಯ್ಯೋ ದೇವರೇ! ರೇಖಾಂಶ ನೂರ ಎಂಬತ್ತಕ್ಕೆ ಮುಗಿಯುತ್ತೆ. ಪಶ್ಚಿಮಕ್ಕೆ ಹೋಗುತ್ತಾ ಅದನ್ನು ದಾಟಿದವರಿಗೆ ಒಂದು ದಿನ ಖೋತಾ. ಹನ್ನೆರಡು ವರ್ಷದಿಂದ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟವಳು, ಭೂಮಿಯ ಮೇಲೆ ಇಲ್ಲದ ನೂರ ಎಂಬತ್ತಮೂರನ್ನು ಬರೆದು ಭಾಗಾಕಾರ ಮಾಡಿದ್ದಳು. ದೀಪದ ಬುಡದಲ್ಲೇ ಕತ್ತಲು. ಹಡಗಿದ್ದದ್ದು ಪೂರ್ವ ನೂರ ಎಪ್ಪತ್ತೇಳರಲ್ಲಿ, ಹನ್ನೆರಡು ಗಂಟೆ ಹಿಂದಲ್ಲ, ಮುಂದೆ: ಗಂಟೆ ಸರಿ, ವಾರ ತಪ್ಪು. ಅವರ ಹನ್ನೆರಡು ಹೊಡೆದಾಗ ನಮಗೆ ಬೆಳಿಗ್ಗೆ ಐದೂವರೆ, ಅಕ್ಕ ಮಲಗಿದ್ದಳು.

ಇನ್ನೊಂದು ನಿಮಿಷ ಉಳಿದಿತ್ತು. ನಾನಾಗಿದ್ದರೆ ಜಗಳ ತೆಗೆಯುತ್ತಿದ್ದೆ.

"ಇನ್ನೊಂದ್ಸಲ ಹೇಳು" ಅಂದರು ಭಾವ.

"ಏನು?"

"ಈಗ ಹೇಳಿದ್ಯಲ್ಲ, ಅದು. ಒಂಬತ್ತು ವರ್ಷದಲ್ಲಿ ಒಂದ್ಸಲಾನೂ ಹೇಳಿರ್ಲಿಲ್ಲ ನೀನು."

ನಾನು ಪಕ್ಕದಲ್ಲಿದ್ದೇನೆ ಅನ್ನುವುದನ್ನೂ ಮರೆತು, ಲೈನು ಕಟ್ಟಾಗುವವರೆಗೂ ಅಕ್ಕ ಅದನ್ನೇ ಹೇಳುತ್ತಿದ್ದಳು.