ಕುರುಡುಮಲೆಯಲ್ಲಿಟ್ಟ ಅತ್ತೆ

ಶ್ರೀನಿವಾಸಪುರದ ಹತ್ತಿರ ಮಾವಿನಹಣ್ಣಿನ ರಸ ತೆಗೆದು ಡಬ್ಬಿಗೆ ತುಂಬುವ ಕಾರ್ಖಾನೆಯೊಂದರಲ್ಲಿ ಹಣ್ಣು ಆರಿಸುವ ಕೆಲಸ ನನ್ನದು. ಮಾವಿನ ಕಾಲ ಮುಗಿದರೆ ಕೆಲಸವೂ ಮುಗಿಯಿತು, ಮತ್ತೆ ಮುಂದಿನ ವರ್ಷವೇ. ಹೀಗಿರುವಾಗ ಸ್ಪೇನಿನವರು ನಮ್ಮ ಮಾಲು ಕೊಳ್ಳಲು ಶುರು ಮಾಡಿದರು. ಸ್ಪ್ಯಾನಿಷ್ ನಾಲ್ಕು ಮಾತು ಕಲಿತು ಪರೀಕ್ಷೆ ಪಾಸಾದವರಿಗೆ ವರ್ಷವಿಡೀ ಪರ್ಮನೆಂಟ್ ಕೆಲಸ ಎಂದು ಮ್ಯಾನೇಜರ್ ಹೇಳಿದಾಗ ಮಿಕ್ಕವರು ನಕ್ಕರು. ನಾನು ಕೈ ಎತ್ತಿದೆ. ಮನೆಯಲ್ಲಿ ಕನ್ನಡ, ಅಕ್ಕಪಕ್ಕದವರ ಹತ್ತಿರ ತೆಲುಗು, ಸಂತೆಯಲ್ಲಿ ಉರ್ದು ಆಡುವ ನನಗೆ ಇನ್ನೊಂದು ಭಾಷೆ ಯಾವ ದೊಡ್ಡ ಮಾತು ಎಂಬ ಜಂಬ.

ಪಾಠವೆಲ್ಲ ಫೋನಿನಲ್ಲೇ. ತಿನ್ನು, ಮಲಗು, ಕೆಲಸ ಮಾಡು ಎಂಬ ಪದಗಳನ್ನು ಹಸುವಿಗೆ ಹುಲ್ಲು ಹಾಕುತ್ತಾ ಬಾಯಿಪಾಠ ಮಾಡಿದೆ. ಎಡವಟ್ಟಾದದ್ದು ಕುಟುಂಬದ ಪಾಠದಲ್ಲಿ. ನನ್ನನ್ನು ಮದುವೆಯಾದವನು ನನ್ನ ಸೋದರಮಾವ, ಅಮ್ಮನ ಬೆನ್ನಿಗೆ ಹುಟ್ಟಿದ ತಮ್ಮ. ಹಾಗಾಗಿ ಅಮ್ಮನ ತಾಯಿಯೇ ನನಗೆ ಅತ್ತೆ. ನಮ್ಮ ಕಡೆ ಇದನ್ನು ಯಾರೂ ತಿರುಗಿ ನೋಡುವುದಿಲ್ಲ. ಇದ್ದದ್ದು ಇದ್ದಂತೆ ಬರೆದು ಪಾಠ ಹೇಳುವವರಿಗೆ ಕಳಿಸಿದೆ. ಗಂಡ ಬೇರೆ, ತಾಯಿಯ ತಮ್ಮ ಬೇರೆ, ಪದಗಳನ್ನು ಕಲಸಿದ್ದೀರಿ ಎಂದು ಕೆಂಪು ಗೆರೆ ಎಳೆಸಿಕೊಂಡು ವಾಪಸ್ ಬಂತು. ಮೂರು ಸಲ ಬರೆದೆ, ಮೂರು ಸಲವೂ ಸೊನ್ನೆ.

ನನಗೆ ಮೈಯೆಲ್ಲ ಉರಿಯಿತು. ನಮ್ಮ ಮನೆಯಲ್ಲಿ ಯಾರಿಗೆ ಯಾರು ಏನಾಗಬೇಕೆಂದು ಹೇಳಲು ಇವರ್ಯಾರು? ಆದರೆ ಕೆಲಸ ಬೇಕಿತ್ತು. ಪರೀಕ್ಷೆಗೆಂದೇ ಹೊಸ ಸಂಸಾರ ಹೂಡಿದೆ. ಟೊಮೆಟೊ ಬೆಳೆಯುವ ಗಂಡನನ್ನು ಮುಳಬಾಗಿಲಿನ ಡಾಕ್ಟರ್ ಮಾಡಿದೆ. ಅವನಿಗೊಬ್ಬ ಟೀಚರ್ ತಾಯಿಯನ್ನು ಸೃಷ್ಟಿಸಿ ಕುರುಡುಮಲೆಯಲ್ಲಿ ಇಟ್ಟೆ. ಬಾಯಿ ಮಾಡದ, ದೂರದಲ್ಲಿರುವ ಅತ್ತೆ. ಎರಡು ದಿನ ಅವಳ ಮೇಲೆ ನನಗೆ ಪ್ರೀತಿಯೇ ಹುಟ್ಟಿತ್ತು.

ಪರೀಕ್ಷೆ ಭಾನುವಾರ, ವಿಡಿಯೋ ಕಾಲಿನಲ್ಲಿ. ಸಿಗ್ನಲ್ ಸಿಗುವುದು ನಮ್ಮ ಜಗಲಿಯಲ್ಲಿ ಮಾತ್ರ. ಅಲ್ಲೇ ಅಜ್ಜಿ ಮಾವಿನಕಾಯಿಗಳನ್ನು ಹುಲ್ಲಿನಲ್ಲಿ ಹಣ್ಣಿಗೆ ಹಾಕುತ್ತಾ ಕೂತಿದ್ದಳು. ಪರೀಕ್ಷೆ ಮಾಡುವ ಸ್ಪೇನಿನ ಹೆಂಗಸು ಫೋನಿನಲ್ಲಿ ನಗುತ್ತಾ ಕಾಣಿಸಿಕೊಂಡಳು. ನಾನು ಡಾಕ್ಟರ್ ಗಂಡನನ್ನು ಸಲೀಸಾಗಿ ಒಪ್ಪಿಸಿ ಅತ್ತೆಯ ಊರಿಗೆ ಬಂದೆ.

"ಕುರುಡುಮಲೆಯಾಗೆ ಯಾರೇ ಅವ್ಳೆ?" ಅಜ್ಜಿಯ ಕಿವಿ ಚುರುಕಾಯಿತು.

"ಸುಮ್ನಿರಜ್ಜಿ, ನಮ್ಮತ್ತೆ."

"ಏಮೇ! ನಿಮ್ಮತ್ತೆ ನಾನಲ್ವೇನೇ? ಬದುಕಿರೋಳ್ನ ಬಿಟ್ಟು ಇನ್ಯಾರ್ನ ಇಕ್ಕಂಡಿದೀಯ?" ಎಂದು ಫೋನಿಗೇ ಮುಖ ಹಾಕಿದಳು.

ಇವರು ಯಾರು ಎಂದು ಆ ಹೆಂಗಸು ಕೇಳಿದಳು. ಅಜ್ಜಿಯ ಮುಖದೆದುರು ಸುಳ್ಳು ಹೊರಡಲಿಲ್ಲ. ಆಬುಯೆಲಾ ಅಂದೆ, ಅಜ್ಜಿ. ಸುಯೆಗ್ರಾ ಅಂದೆ, ಅತ್ತೆ. ಅವಳು ಸಮಾಧಾನದಿಂದ ಎರಡು ಬೆರಳು ತೋರಿಸಿ, ಇಬ್ಬರು ಬೇರೆ ಬೇರೆ ಎಂದಳು. ನಾನು ಒಂದು ಬೆರಳು ತೋರಿಸಿದೆ. ಅಷ್ಟರಲ್ಲಿ ತೋಟದಿಂದ ಬಂದ ಮಾವ ಕಾಲು ತೊಳೆಯುತ್ತಾ ನಿಂತ. ಅವನನ್ನು ತೋರಿಸಿ ಗಂಡನೂ ಇವನೇ, ಅಮ್ಮನ ತಮ್ಮನೂ ಇವನೇ ಅಂದೆ. ಅವಳ ಪೆನ್ನು ನಿಂತಿತು. ಪರ್ಮನೆಂಟ್ ಕೆಲಸ ಹೋಯಿತು ಅಂದುಕೊಂಡೆ.

"ಅವ್ಳಿಗೆ ಏನಂತೆ ಅರ್ಥ ಆಗದೇ ಇರೋದು?" ಎಂದು ಅಜ್ಜಿ ನನ್ನ ಕೈಯಿಂದ ಫೋನು ಕಿತ್ತುಕೊಂಡು ನೆಲದ ಕಡೆ ತಿರುಗಿಸಿದಳು. ದೊಡ್ಡ ಕಾಯಿಯೊಂದನ್ನು ಇಟ್ಟು ತನ್ನ ಎದೆ ಮುಟ್ಟಿಕೊಂಡಳು. ಅದರ ಕೆಳಗೆ ಎರಡು ಕಾಯಿ, ಮಗಳು ಮತ್ತು ಮಗ. ಮಗಳ ಕೆಳಗೆ ಒಂದು ಸಣ್ಣ ಕಾಯಿ ಇಟ್ಟು ನನ್ನ ತಲೆಗೆ ಮೊಟಕಿದಳು. ಆಮೇಲೆ ಆ ಸಣ್ಣದನ್ನು ಮೇಲಕ್ಕೆತ್ತಿ ಮಗನ ಕಾಯಿಯ ಪಕ್ಕಕ್ಕೆ ಒತ್ತಿಟ್ಟು, ಮೇಲೊಂದು ಹಿಡಿ ಹುಲ್ಲು ಮುಚ್ಚಿದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಹೆಂಗಸು ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು. ಅರ್ಥವಾಗಿತ್ತು. ನಗಲಿಲ್ಲ. ಪಾಠದಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ಬಿಡಿಸಿ ಬಿಡಿಸಿ ಕೇಳಿದಳು: ನೀನು ಸಂತೋಷವಾಗಿದ್ದೀಯಾ?

ಮದುವೆ ಮಾಡುವಾಗ ಅಮ್ಮ ಕೇಳಿರಲಿಲ್ಲ, ಅಜ್ಜಿ ಕೇಳಿರಲಿಲ್ಲ. ಮನೆಯ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆಂಬ ಖುಷಿಯಲ್ಲಿ ಕೇಳುವುದು ಯಾರಿಗೂ ಹೊಳೆದಿರಲಿಲ್ಲ. ಗೊತ್ತಿದ್ದ ಪದಗಳನ್ನೆಲ್ಲ ಸೇರಿಸಿ ಉತ್ತರ ಹೇಳಿದೆ. ನಾನು ಕೆಲಸಕ್ಕೆ ಹೋಗುತ್ತೇನೆ, ಅವನು ಅಡುಗೆ ಮಾಡುತ್ತಾನೆ. ನಾನು ಓದುತ್ತೇನೆ, ಅವನು ಹಾಲು ಕರೆಯುತ್ತಾನೆ. ಹೌದು, ಸಂತೋಷವಾಗಿದ್ದೇನೆ. ಅವಳು ಏನೋ ಬರೆದುಕೊಂಡು, ಪಾಸು ಎಂದು ಹೇಳಿ ಕೈ ಬೀಸಿದಳು.

ಅಜ್ಜಿ ಒಳಗೆ ಹೋದ ಮೇಲೆ ಮಾವ ಹತ್ತಿರ ಬಂದ. "ಕೊನೇಲಿ ಏನ್ ಕೇಳಿದ್ಲು?"

"ಸಂತೋಷವಾಗಿದೀಯಾ ಅಂತ."

"ಏನಂದೆ?"

"ಹೂಂ ಅಂದೆ."

ಟವೆಲಿನಲ್ಲಿ ಒಣಗಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡ. "ಪಾಸಾಗಕ್ಕೆ ಅಂದ್ಯಾ, ನಿಜವಾಗ್ಲೂ ಅಂದ್ಯಾ?"

ಇಷ್ಟು ವರ್ಷದ ಸಂಸಾರದಲ್ಲಿ ಅವನೂ ನನ್ನನ್ನು ಕೇಳಿದ್ದು ಅದೇ ಮೊದಲು. ಇವತ್ತು ಕೇಳ್ತಾನಲ್ಲ ಎಂದು ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು.

"ನಿಜವಾಗ್ಲೂ ಕಣ ಮಾವ," ಅಂದೆ. "ನಿನ್ ಕಥೆ ಏನು, ನೀನ್ ಹೇಳು."