ಹೊಲದ ತನಕ ನಡೆದು ಬಂದ ವರದಿ

ಮಣ್ಣು ಪರೀಕ್ಷೆಯ ಕ್ಷೇತ್ರದಲ್ಲಿ ಹೆಸರು ಮಾಡಿದವರು ಅನೇಕರಿದ್ದಾರೆ. ಪ್ರಬಂಧ ಮಂಡಿಸಿದವರು, ಪದಕ ಪಡೆದವರು, ದೊಡ್ಡ ಸಭೆಗಳಲ್ಲಿ ಮಾತನಾಡಿ ಚಪ್ಪಾಳೆ ಗಿಟ್ಟಿಸಿದವರು. ಈ ಅಭಿನಂದನಾ ಸಂಪುಟದ ಗೌರವಕ್ಕೆ ಪಾತ್ರರಾದ ನಮ್ಮ ಪ್ರಯೋಗಾಲಯದ ಹಿರಿಯ ರಸಾಯನ ತಜ್ಞೆಯವರು ಅಂಥ ಸಭೆಗಳಲ್ಲಿ ಕೊನೆಯ ಸಾಲು ಹಿಡಿದು, ಊಟದ ಹೊತ್ತಿಗೆ ಮೆಲ್ಲಗೆ ಜಾರಿಕೊಳ್ಳುತ್ತಿದ್ದವರು. ಆದರೆ ಊರಾಚೆಯ ತರಕಾರಿ ಹೊಲಗಳಲ್ಲಿ ಅವರನ್ನು ಅರಿಯದವರಿಲ್ಲ. ಅಲ್ಲಿ ಅವರು ಗುಂಡಿ ಮೇಡಂ. ಎಲ್ಲಿಗೆ ಹೋದರೂ ಒಂದು ಗೇಣಿನ ಗುಂಡಿ ತೋಡಿ ಮಣ್ಣು ತೆಗೆಯದೆ ಬರುವವರಲ್ಲ ಎಂದು ಯಾರೋ ತಮಾಷೆಗೆ ಇಟ್ಟ ಹೆಸರು ಅದು. ತಮ್ಮ ಪದವಿಗಳಿಗಿಂತ ಅದನ್ನೇ ಅವರು ಹೆಚ್ಚು ಮೆಚ್ಚಿಕೊಂಡರು.

ಅವರು ಸೇವೆಗೆ ಸೇರಿದಾಗ ಪ್ರಯೋಗಾಲಯವೆಂದರೆ ಎರಡು ಕೋಣೆ, ಒಂದು ಒಲೆ, ಕಾಲು ಮುರಿದ ತಕ್ಕಡಿ ಮೇಜು. ಕಿಟಕಿ ತೆರೆದರೆ ಎದುರಿಗೇ ನಗರದ ಕೊಳಚೆ ನೀರು ಶುದ್ಧೀಕರಿಸುವ ಘಟಕ. ಮೂಗು ಮುಚ್ಚಿಕೊಂಡು ಬಂದವರು ಒಂದೇ ವಾರದಲ್ಲಿ ವರ್ಗಾವಣೆ ಕೇಳುತ್ತಿದ್ದ ಆ ಜಾಗದಲ್ಲಿ ಇವರು ಕುರ್ಚಿಯನ್ನು ಕಿಟಕಿಯ ಕಡೆಗೇ ತಿರುಗಿಸಿ ಹಾಕಿಕೊಂಡರು. ಬಾಟಲಿ ತೊಳೆಯುವ ಹೆಂಗಸು ರಾತ್ರಿ ಶಾಲೆಗೆ ಹೋಗುತ್ತಾಳೆಂದು ತಿಳಿದ ದಿನದಿಂದ ಸಂಜೆ ಅವಳನ್ನು ಬೇಗ ಕಳಿಸಿ, ಉಳಿದ ಬಾಟಲಿಗಳನ್ನು ತಾವೇ ತೊಳೆದಿಟ್ಟು ಮನೆಗೆ ಹೊರಡುತ್ತಿದ್ದರು. ಆ ಹೆಂಗಸು ಮುಂದೆ ಅದೇ ಪ್ರಯೋಗಾಲಯದಲ್ಲಿ ಸಹಾಯಕಿಯಾದಳು, ಇಂದು ಈ ಲೇಖನ ಬರೆಯುತ್ತಿದ್ದಾಳೆ ಎಂಬಷ್ಟನ್ನು ಹೇಳಿ ಮುಂದೆ ಹೋಗುವುದು ಸರಿ, ಇಲ್ಲಿನ ಮಾತು ಅವಳ ಕುರಿತದ್ದಲ್ಲ.

ಘಟಕದಲ್ಲಿ ನೀರು ತಿಳಿಯಾದ ಮೇಲೆ ತಳದಲ್ಲಿ ಉಳಿಯುವ ಕೆಸರನ್ನು ಬಿಸಿಲಿಗೆ ಒಣಗಿಸಿದರೆ ಕಪ್ಪು ಹೆಂಟೆಗಳಾಗುತ್ತಿದ್ದವು. ಸುತ್ತಲಿನವರು ಅದನ್ನು ಕಪ್ಪುಗೊಬ್ಬರ ಎನ್ನುತ್ತಿದ್ದರು, ಟ್ರ್ಯಾಕ್ಟರುಗಟ್ಟಲೆ ಪುಕ್ಕಟೆಯಾಗಿ ಒಯ್ದು ಹೊಲಕ್ಕೆ ಚೆಲ್ಲುತ್ತಿದ್ದರು. ಬೆಳೆ ಹುಚ್ಚೆದ್ದು ಬರುತ್ತಿತ್ತು. ಮೇಡಂ ಆ ಗೊಬ್ಬರವನ್ನು ಎಂದೂ ಹೀನಾಯ ಮಾಡಿದವರಲ್ಲ. ಮಣ್ಣಿನಿಂದ ಬಂದದ್ದು ಮಣ್ಣಿಗೆ ಮರಳಬೇಕಾದದ್ದು ನ್ಯಾಯವೇ, ಆದರೆ ಅದರ ಬೆನ್ನೇರಿ ಬೇರೇನೇನು ಬರುತ್ತಿದೆ ಎಂದು ನೋಡಬೇಡವೇ ಎಂಬುದು ಅವರ ಪ್ರಶ್ನೆ. ಲೋಹಕ್ಕೆ ಹೊಳಪು ಲೇಪಿಸುವ ಕಾರ್ಖಾನೆಗಳು ತೊಳೆದ ನೀರನ್ನು ಅದೇ ಚರಂಡಿಗೆ ಬಿಡುತ್ತಿದ್ದುದು ಅವರಿಗೆ ಗೊತ್ತಿತ್ತು. ನೀರು ಶುದ್ಧವಾದರೂ ಅದರಲ್ಲಿದ್ದ ಕ್ಯಾಡ್ಮಿಯಂ ಎಂಬ ವಿಷಲೋಹ ಕೆಸರಿನಲ್ಲಿ ಕೂತುಬಿಡುತ್ತದೆ. ಕೆಸರಿನಿಂದ ಮಣ್ಣಿಗೆ, ಮಣ್ಣಿನಿಂದ ಸೊಪ್ಪಿಗೆ ಹತ್ತುತ್ತದೆ. ಹಾಗಾಗಿ ಗೊಬ್ಬರ ಒಯ್ದ ಪ್ರತಿಯೊಬ್ಬರಿಂದಲೂ ಹೊಲದ ಮಣ್ಣು ತರಿಸಿದರು.

ಘಟಕದ ಗೋಡೆಗೆ ಹೊಂದಿಕೊಂಡ ಹೊಲ ಸೊಪ್ಪಿನಕ್ಕನದು. ಗಂಡ ತೀರಿಕೊಂಡ ಮೇಲೆ ಆ ಹೊಲದ ಸೊಪ್ಪಿನಿಂದಲೇ ಮಗಳನ್ನು ಸಾಕಿ ಮದುವೆ ಮಾಡಿ, ಈಗ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಸಂತೆಯಲ್ಲಿ ಕಂತೆ ಕಟ್ಟುತ್ತಿದ್ದ ಹೆಂಗಸು. ಆಕೆ ತಂದ ಮಣ್ಣು ಎಲ್ಲರದಕ್ಕಿಂತ ಚೊಕ್ಕಟವಾಗಿತ್ತು. ಜರಡಿ ಹಿಡಿಯುತ್ತಿದ್ದ ಮೇಡಂ ಅದನ್ನು ಬೆರಳಲ್ಲಿ ಕೆದಕಿ ನೋಡಿದರು. ಆಮೇಲೆ ಜರಡಿ ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಗೋಡೆ ಬಳಸಿಕೊಂಡು ಆ ಹೊಲಕ್ಕೇ ನಡೆದರು.

"ಅಕ್ಕ, ನೀವು ಕೊಟ್ಟ ಮಣ್ಣು ಯಾರ ಮನೇದು?"

"ನಮ್ದೇ ಮೇಡಂ."

"ಕಪ್ಪುಗೊಬ್ಬರ ಹಾಕಿದ ಕಡೆ ಟೊಮೇಟೊ ತಾನಾಗೇ ಹುಟ್ಟುತ್ತೆ. ಊರೋರೆಲ್ಲ ತಿಂದು ಕೊಳಚೆಗೆ ಬಂದಿದ್ದು, ಬೀಜ ಕರಗಲ್ಲ. ಇಲ್ಲಿ ನೋಡಿ, ನಿಮ್ಮ ಕಾಲ ಹತ್ರಾನೇ ನಾಲ್ಕು ಸಸಿ ಇದಾವೆ. ನೀವು ಕೊಟ್ಟಿದ್ರಲ್ಲಿ ಒಂದು ಬೀಜಾನೂ ಇಲ್ಲ."

ಸೊಪ್ಪಿನಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ತಂಗಿ ಮನೆ ಹಿತ್ತಲದ್ದು. ಪರೀಕ್ಷೆ ಅಂದ್ರಲ್ಲ, ಫೇಲಾಗೋದು ಬೇಡ ಅಂತ ತಂದೆ."

ಮೇಡಂ ನಕ್ಕರು. "ಹೋಗ್ಲಿ, ತಂಗಿ ಹಿತ್ತಲು ಪಾಸಾಯ್ತು, ಹೇಳ್ಬಿಡಿ ಅವರಿಗೆ. ಮಣ್ಣಿಗೆ ಪಾಸು ಫೇಲು ಇಲ್ಲ ಅಕ್ಕ. ಏನು ತಿಂದಿದೆ ಅಂತ ನೋಡೋದಷ್ಟೇ." ಹಾಗೆಂದು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಗುಂಡಿ ತೋಡಿದರು.

ಫಲಿತಾಂಶ ಬಂದಾಗ ಆ ಹೊಲದ ಲೋಹ ಮಿತಿಗಿಂತ ಬಹಳ ಮೇಲಿತ್ತು. ಮೇಡಂ ಅವರದೊಂದು ಪದ್ಧತಿ ಇತ್ತು: ಒಳ್ಳೆಯ ವರದಿಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು, ಕೆಟ್ಟ ವರದಿಯನ್ನು ತಾವೇ ಹೋಗಿ ಹೇಳುತ್ತಿದ್ದರು. ಕಾಗದ ತಲುಪಿಸಿ ತಿರುಗಿ ಬರುವುದಲ್ಲ, ಬೈಗುಳ ಮುಗಿಯುವ ತನಕ ಕೂತಿರುವುದು. ಸೊಪ್ಪಿನಕ್ಕನ ಜಗಲಿಯ ಮೇಲೆ ಹಾಗೆ ಕೂತರು. ಇನ್ನು ಆ ಹೊಲದಲ್ಲಿ ತಿನ್ನುವ ಸೊಪ್ಪು ಬೆಳೆಯಬಾರದು ಎಂದರು. ಟ್ರ್ಯಾಕ್ಟರಿನಲ್ಲಿ ಗೊಬ್ಬರ ತಂದು ಸುರಿದಿದ್ದ ಮೈದುನ ಅಂಗಳದಲ್ಲಿ ನಿಂತು, ಗುಂಡಿ ಮೇಡಂ ತೋಡಿದ್ದು ನಮ್ಮನ್ನ ಹೂಳೋಕೇ ಅಂತ ಕಾಣುತ್ತೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಸೊಪ್ಪಿನಕ್ಕ ಮಾತ್ರ ಹೊಲದ ಸುದ್ದಿಯನ್ನೇ ಎತ್ತಲಿಲ್ಲ.

"ಈ ಮಗು ಹಲ್ಲು ಬಂದಾಗಿಂದ ಇದೇ ಸೊಪ್ಪು ತಿಂದಿದೆ," ಎಂದಳು.

ಏನೂ ಆಗುವುದಿಲ್ಲ ಎಂದು ಹೇಳಿ ಎದ್ದು ಬರುವುದು ಸುಲಭವಿತ್ತು. "ಏನೂ ಆಗಿಲ್ಲ ಅಂತ ಹೇಳೋಕೆ ನಂಗಾಗಲ್ಲ, ಆಗಿದೆ ಅಂತ ಹೇಳೋಕೂ ಆಗಲ್ಲ," ಎಂದರು ಮೇಡಂ. "ನಾಳೆ ಆಸ್ಪತ್ರೆಗೆ ಹೋಗೋಣ. ನಾನೂ ಬರ್ತೀನಿ." ರಜೆ ಹಾಕಿ ಹೋದರು, ರಕ್ತ ತೆಗೆಯುವಾಗ ಮಗು ಕಚ್ಚಿದ್ದು ಅವರ ಕೈಯನ್ನೇ. ದೇವರ ದಯೆಯಿಂದ ಮಗುವಿಗೆ ತೊಂದರೆಯಿರಲಿಲ್ಲ. ಹಲ್ಲಿನ ಗುರುತನ್ನು ಮೇಡಂ ಪ್ರಯೋಗಾಲಯದಲ್ಲಿ ಎಲ್ಲರಿಗೂ ತೋರಿಸಿ, ಹುಡುಗಿಯ ಹಲ್ಲು ಮಾತ್ರ ಬಲು ಗಟ್ಟಿಯಾಗಿದೆ ಎಂದು ವರದಿ ಒಪ್ಪಿಸಿದರು.

ಇತ್ತ ಕಚೇರಿಯಲ್ಲಿ ಬೇರೊಂದು ಒತ್ತಡ. ಗೊಬ್ಬರ ಒಯ್ದ ಎಲ್ಲ ಹೊಲಗಳನ್ನೂ ಕೂಡಿಸಿ ಸರಾಸರಿ ತೆಗೆದರೆ ಲೋಹದ ಪ್ರಮಾಣ ಮಿತಿಯೊಳಗೇ ಬರುತ್ತಿತ್ತು. ಹಾಗೆ ಬರೆದರೆ ಘಟಕಕ್ಕೂ ಕೆಸರು ಸಾಗಿಸುವ ಚಿಂತೆ ತಪ್ಪುತ್ತದೆ, ಜನಕ್ಕೂ ಗಾಬರಿಯಿಲ್ಲ ಎಂದು ಮೇಲಧಿಕಾರಿಗಳು ಬಹಳ ನಯವಾಗಿ ಸೂಚಿಸಿದರು.

"ಸರಾಸರಿ ಅನ್ನೋ ಹೊಲದಲ್ಲಿ ಯಾರೂ ಸೊಪ್ಪು ಬೆಳೆಯಲ್ಲ ಸರ್," ಎಂದರು ಮೇಡಂ. ಒಂದೊಂದು ಹೊಲದ ವರದಿಯನ್ನೂ ಬೇರೆ ಬೇರೆಯಾಗಿಯೇ ಬರೆದರು. ಅದಾದ ಮೇಲೆ ಬಡ್ತಿ ತಮ್ಮನ್ನು ದಾಟಿ ಹೋದದ್ದನ್ನು ಅವರು ಯಾರ ಮುಂದೆಯೂ ಆಡಿಕೊಂಡವರಲ್ಲ. ಕಿರಿಯರು ಕೇಳಿದರೆ, ಮೇಲಿನ ಕೋಣೆಗೆ ಕಿಟಕಿಯಿಲ್ಲವಂತೆ ಎಂದು ನಗುತ್ತಿದ್ದರು. ಅದೇ ವರದಿಗಳನ್ನು ಹಿಡಿದು ವರ್ಷಾನುಗಟ್ಟಲೆ ಅಲೆದದ್ದರ ಫಲವಾಗಿ ಕಾರ್ಖಾನೆಗಳು ತೊಳೆದ ನೀರನ್ನು ತಾವೇ ಶುದ್ಧಿ ಮಾಡಿ ಬಿಡುವಂತಾಯಿತು. ಪರೀಕ್ಷೆಯಾಗದ ಕೆಸರು ಇಂದು ಘಟಕದ ಬಾಗಿಲು ದಾಟುವುದಿಲ್ಲ. ಪರೀಕ್ಷೆಯಾಗಿ ದಾಟಿದ್ದೂ ನೆಡುತೋಪಿನ ಮರಗಳಿಗೆ ಹೋಗುತ್ತದೆ, ತಟ್ಟೆಗೆ ಬರುವ ಬೆಳೆಗಲ್ಲ.

ಆದರೆ ಮುಂದಿನ ಕೆಸರು ನಿಂತರೆ ಹಿಂದೆ ಬಿದ್ದದ್ದು ಎಲ್ಲಿ ಹೋಗುತ್ತದೆ? ಸೊಪ್ಪಿನಕ್ಕನ ಪಾಲಿಗೆ ಹೊಲ ಇದ್ದೂ ಇಲ್ಲದಂತಾಯಿತು. ಮೇಡಂ ತೋಟಗಾರಿಕೆಯವರನ್ನು ಕಾಡಿ ಸೇವಂತಿಗೆ ಸಸಿಗಳನ್ನು ತಂದು ಅವಳ ಬಾಗಿಲಲ್ಲಿ ಇಳಿಸಿದರು.

"ಹೂವು ತಿನ್ನೋಕಾಗುತ್ತಾ ಮೇಡಂ?" ಎಂದು ಕೇಳಿದಳಂತೆ, ಕೊಂಕಾಗಿಯೇ.

"ಆಗಲ್ಲ ಅಂತಾನೇ ತಂದಿದ್ದು ಅಕ್ಕ."

ಆ ಮಾತಿಗೆ ಅವಳು ಎಷ್ಟೋ ದಿನದ ಮೇಲೆ ನಕ್ಕಳು. ಮೈದುನನೇ ಸಾಲು ಹೊಡೆದುಕೊಟ್ಟ. ಹೂವು ಅವಳ ಮನೆಯನ್ನು ನಡೆಸಿತು, ಚೆನ್ನಾಗಿಯೇ ನಡೆಸಿತು. ಆದರೂ ಸಂತೆಯಲ್ಲಿ ಪಕ್ಕದವರ ಸೊಪ್ಪಿನ ಕಂತೆ ಸಡಿಲವಾಗಿದ್ದರೆ ಅವಳ ಕೈ ತಾನಾಗಿ ಚಾಚಿಕೊಂಡು ಬಿಗಿಮಾಡಿ ಕಟ್ಟುತ್ತಿತ್ತು. ಮೇಡಂ ಅದನ್ನು ಒಮ್ಮೆ ನೋಡಿದರು. ಆಮೇಲೆ ಹೊಲದ ಒಂದು ಮೂಲೆಯಲ್ಲಿ ಸುಣ್ಣ ಬೆರೆಸಿದ ಪುಟ್ಟ ಮಡಿ ಹಾಕಿಸಿದರು. ಸುಣ್ಣ ಸೇರಿದರೆ ಲೋಹ ಮಣ್ಣನ್ನೇ ಕಚ್ಚಿಕೊಳ್ಳುತ್ತದೆ, ಬೇರಿಗೆ ಸುಲಭವಾಗಿ ಸಿಗುವುದಿಲ್ಲ. ವರ್ಷಕ್ಕೊಮ್ಮೆ ಸೊಪ್ಪಿನಕ್ಕ ಆ ಮಡಿಯಲ್ಲಿ ಸೊಪ್ಪು ಬೆಳೆದು, ಒಂದು ಎಲೆಯನ್ನೂ ಬಾಯಿಗೆ ಹಾಕದೆ, ತೊಳೆದು ಕಂತೆ ಕಟ್ಟಿ ಪ್ರಯೋಗಾಲಯಕ್ಕೆ ತಂದುಕೊಡುತ್ತಾಳೆ. ಪರೀಕ್ಷೆಗೆಂದು ಪುಡಿ ಮಾಡಿ ಸುಡುವ ಸೊಪ್ಪಿಗೆ ಕಂತೆ ಯಾಕೆ ಎಂದು ಹೊಸಬರು ಕೇಳಿದರೆ, ಬಿಡಿಬಿಡಿಯಾಗಿ ಕೊಟ್ಟು ರೂಢಿಯಿಲ್ಲ ಎನ್ನುತ್ತಾಳೆ.

ಪ್ರತಿ ವರ್ಷವೂ ಮೇಡಂ ತಾವೇ ಹೋಗಿ, ಈ ಸಲವೂ ಆಗಲಿಲ್ಲ ಎಂದು ಹೇಳಿ ಬರುತ್ತಿದ್ದರು. ನಿವೃತ್ತಿಗೆ ಮುಂಚಿನ ಈ ಸಲದ ಎಲೆ ಮಾತ್ರ, ಮೊದಲ ಬಾರಿಗೆ, ಮಿತಿಯ ಕೆಳಗೆ ಬಂತು. ಒಳ್ಳೆಯ ವರದಿಯಾದರೂ ಅದನ್ನು ಅಂಚೆಗೆ ಹಾಕಲು ಅವರಿಗೆ ಮನಸ್ಸಾಗಲಿಲ್ಲ. ಜಗಲಿಯ ಮೇಲೆ ಕೂತು ಹೇಳಿದರು: ಇದು ಒಂದು ಮಡಿಯ, ಒಂದು ವರ್ಷದ ಮಾತು, ಇನ್ನೂ ಎರಡು ವರ್ಷ ಹೀಗೇ ಬಂದರೆ ಆ ಮಡಿಯ ಸೊಪ್ಪನ್ನು ತಿನ್ನಬಹುದು, ಇಡೀ ಹೊಲದ ಮಾತು ತಮ್ಮ ಕಾಲದಲ್ಲಿ ಮುಗಿಯುವುದೋ ಇಲ್ಲವೋ.

ಸೊಪ್ಪಿನಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. "ನಿಮ್ಮ ಕೆಲಸ ಮುಗೀತಂತಲ್ಲ. ಮುಂದಿನ ವರ್ಷ ಯಾರು ಬರ್ತಾರೆ?"

"ನಾನೇ ಬರ್ತೀನಿ. ಬಸ್ಸು ನಿವೃತ್ತಿ ಆಗಿಲ್ವಲ್ಲ."

ಮೂವತ್ತು ವರ್ಷಗಳಿಗೂ ಮೀರಿದ ಸೇವೆಯನ್ನು ಮುಗಿಸಿ ವಿಶ್ರಾಂತಿಗೆ ಅರ್ಹರಾಗಿರುವ ಅವರಿಗೆ ಆಯುರಾರೋಗ್ಯ ಸುಖಶಾಂತಿಗಳು ದೊರೆಯಲಿ ಎಂದು ನಾವೆಲ್ಲರೂ ತುಂಬು ಮನಸ್ಸಿನಿಂದ ಹಾರೈಸುತ್ತೇವೆ. ಈ ಹಾರೈಕೆಯಲ್ಲಿ ನಮ್ಮ ಸ್ವಾರ್ಥವೂ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ. ಸೊಪ್ಪಿನಕ್ಕ ಎರಡನೆಯ ಮಡಿಗೆ ಸುಣ್ಣ ಬೆರೆಸಿದ್ದಾಳೆ. ಅದರ ಆಚೆ ಇಡೀ ಹೊಲ ಬಾಕಿಯಿದೆ. ನಮ್ಮ ಗುಂಡಿ ಮೇಡಂ ಅಷ್ಟೂ ಕಾಲ ಇರಲಿ.