ಗುಳ್ಳೆ ಟೀಚರ್ ಹಲಗೆಯ ಮೇಲೆ ಬರೆದದ್ದು

ಸೂರ್ಯನಿಗಿಂತ ಮೊದಲು ಏಳುವವರ ಬಗ್ಗೆ ಈ ಪುಟದಲ್ಲಿ ಬೇಕಾದಷ್ಟು ಬರೆದಿದ್ದೇನೆ. ಸೂರ್ಯನನ್ನೇ ಕತ್ತು ಹಿಡಿದು ಎಬ್ಬಿಸುವವರನ್ನು ನೋಡುತ್ತಿರುವುದು ಇದೇ ಮೊದಲು. ಬೆಳಗಿನ ಐದೂಕಾಲು. ಪರದೇಶದ ಕಡಲ ದಂಡೆಯ ಬೀದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಗೂ ಬಟ್ಟೆ ಒಗೆಯುವ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ತಗಡಿನ ಶೆಡ್ಡು. ಒಳಗೆ ಗಾಳಿ ತುಂಬುವ ಕಂಪ್ರೆಸರ್ ಹೊಡೆದುಕೊಳ್ಳುತ್ತಿದೆ. ಅದರ ಸದ್ದಿಗೆ ಅಕ್ಕಪಕ್ಕದ ಮೂರು ದೇಶಗಳ ಕೋಳಿಗಳು ಎದ್ದು ಕೂಗಿದವು ಎಂದರೆ ನೀವು ನಂಬಲಿಕ್ಕಿಲ್ಲ. ಹೋಗಲಿ, ನನ್ನ ಹಲ್ಲಿನ ಸಿಮೆಂಟು ಅಲುಗಾಡಿದ್ದಂತೂ ಸತ್ಯ. ಆ ಯಂತ್ರಕ್ಕೆ ಒರಗಿಕೊಂಡೇ, ತೊಟ್ಟಿಲ ಪಕ್ಕ ಕೂತ ಬಾಣಂತಿಯಷ್ಟು ನೆಮ್ಮದಿಯಿಂದ, ಸ್ಟೂಲಿನ ಮೇಲೆ ಕೂತು ಬನ್ನು ತಿನ್ನುತ್ತಿದ್ದಾರೆ ನಮ್ಮ ಗುಳ್ಳೆ ಟೀಚರ್.

ಸದ್ದು ಅವರನ್ನು ಯಾಕೆ ಕಾಡುವುದಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ಅಭ್ಯಾಸ ಎಂದುಕೊಂಡೆ.

ಗುಳ್ಳೆ ಟೀಚರ್ ಎಂಬುದು ಅವರ ಮಗಳು ಇಟ್ಟ ಹೆಸರು. ವಯಸ್ಸು ನಲವತ್ತನಾಲ್ಕು, ಈ ದೇಶಕ್ಕೆ ಬಂದು ಇಪ್ಪತ್ತು ವರ್ಷ, ಅದರಲ್ಲಿ ಹದಿನೇಳು ವರ್ಷ ಸ್ಕೂಬಾ ಕಲಿಸುವ ಕೆಲಸ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಬಾಯಲ್ಲಿ ರಬ್ಬರು ಕಚ್ಚಿಕೊಂಡು, ನೀರಿನ ತಳದಲ್ಲಿ ಮೀನಿನ ಹಾಗೆ ಉಸಿರಾಡುವುದನ್ನು ಭೂಮಿಯ ಮೇಲಿನ ಮನುಷ್ಯರಿಗೆ ಹೇಳಿಕೊಡುತ್ತಾರೆ. ದಿನಕ್ಕೆ ಇಪ್ಪತ್ತೆಂಟು ಸಿಲಿಂಡರು, ಒಂದೊಂದೂ ಹದಿನೈದು ಕೆಜಿ. ಕೈಗೊಂದರಂತೆ ಹಿಡಿದು ದೋಣಿಯವರೆಗೆ ಎಂಬತ್ತು ಹೆಜ್ಜೆ, ಖಾಲಿಯಾದ ಮೇಲೆ ಅಷ್ಟೇ ಹೆಜ್ಜೆ ವಾಪಸ್ಸು. ಸಂಜೆ ಹನ್ನೆರಡು ರಬ್ಬರ್ ಉಡುಪು ತೊಳೆಯಬೇಕು.

"ನಮ್ಮಣ್ಣ ಫೋನ್ ಮಾಡಿದಾಗೆಲ್ಲ ಅದೇ ರಾಗ. ನಿನಗೇನಮ್ಮ, ನೀರಾಟ ಆಡಿ ಸಂಬಳ ತಗೋತೀಯ, ದೇವರಿಗೆ ಕೈ ಮುಗಿ ಅಂತ," ಎನ್ನುತ್ತಾರೆ. "ನೀರಾಟ ಆಡೋರು ಭಯಕ್ಕೆ ಉಡುಪಿನೊಳಗೇ ಉಚ್ಚೆ ಹೊಯ್ಕೋತಾರೆ ಕಣ್ರೀ. ಹನ್ನೆರಡು ಜನರದ್ದನ್ನ ಬಕೆಟ್ಟಲ್ಲಿ ಅದ್ದಿ ತೆಗಿಯೋವಾಗ ನಮ್ಮಣ್ಣ ಹೇಳಿದ ದೇವರನ್ನ ನೆನೆಸ್ಕೋತೀನಿ."

ನೀರಿನ ಕಸುಬು ಅವರಿಗೆ ರಕ್ತದಲ್ಲಿ ಬಂದದ್ದು. ಅಪ್ಪ ಬಾವಿಗೆ ಬಿದ್ದ ಕೊಡ, ಬೀಗದ ಕೈ, ಬಳೆ ಎತ್ತಿಕೊಡುತ್ತಿದ್ದವರು. ಪಾತಾಳಗರಡಿಯ ಕೊಕ್ಕೆಗೂ ಸಿಗದ್ದನ್ನು ಹಲ್ಲಲ್ಲಿ ಕಚ್ಚಿಕೊಂಡು ಮೇಲೆ ಬರುತ್ತಿದ್ದರಂತೆ. ನಲವತ್ತು ದಾಟುವಷ್ಟರಲ್ಲಿ ಅವರ ಕಿವಿ ಕಲ್ಲಾಯಿತು. "ಊಟಕ್ಕೆ ಕರೆದ್ರೆ ಕೇಳ್ತಿರಲಿಲ್ಲ. ನಾನು, ಅಣ್ಣ ಬೆನ್ನಿಗೆ ಸಣ್ಣ ಕಲ್ಲು ಎಸೀತಿದ್ವಿ. ಅಪ್ಪ ತಿರುಗಿ ನೋಡಿ ನಗೋರು." ಮದುವೆ ಮುರಿದಾಗ ಅಣ್ಣನ ಮನೆಯ ಜಗುಲಿಯಲ್ಲಿ ಇರಲಾರದೆ ಇಲ್ಲಿಗೆ ಬಂದರು. ಬಂದದ್ದು ಹೋಟೆಲಿನ ಈಜುಕೊಳ ಉಜ್ಜುವ ಕೆಲಸಕ್ಕೆ. ಗಿರಾಕಿಯೊಬ್ಬರ ಉಂಗುರ ಕೊಳದ ಜಾಲರಿಯೊಳಗೆ ಬಿದ್ದಾಗ, ಈಕೆ ಒಂದೇ ಉಸಿರಿಗೆ ಮುಳುಗಿ ತಿರುಪು ಬಿಚ್ಚಿ ಎತ್ತಿಕೊಟ್ಟರು. ನೋಡುತ್ತ ನಿಂತ ಮುದುಕ ಡೈವಿಂಗ್ ಮೇಷ್ಟ್ರು ಮರುದಿನವೇ ಕರೆದುಕೊಂಡು ಹೋದರು. ಅಲ್ಲೇ ಎರಡನೇ ಮದುವೆ, ಮಗಳು, ಮತ್ತೆ ಒಂಟಿತನ. "ಎರಡನೇದರ ಬಗ್ಗೆ ಕೇಳಬೇಡಿ," ಎನ್ನುತ್ತಾರೆ. ನಾನು ಕೇಳಲಿಲ್ಲ.

"ಹಾಗಾದರೆ ಇಷ್ಟರಲ್ಲಿ ಒಂದು ಅರವತ್ತು ಸಾವಿರ ಜನಕ್ಕಾದರೂ ಕಲಿಸಿರಬೇಕು," ಎಂದೆ. ಸಂಖ್ಯೆಗೆ ಒಂದು ಸೊನ್ನೆ ಸೇರಿಸುವುದು ನನ್ನ ಹುಟ್ಟುಗುಣ.

"ಡೈರಿಯಲ್ಲಿದೆ. ಆಮೇಲೆ ಹೇಳ್ತೀನಿ," ಎಂದರು. ಇಳಿದ ಪ್ರತಿಯೊಬ್ಬರನ್ನೂ ಅಂದೇ ಡೈರಿಯಲ್ಲಿ ಬರೆದಿಡುವುದು ಈ ಕಸುಬಿನ ಶಿಸ್ತು.

ಏಳೂವರೆಗೆ ಅಂಗಡಿಯ ಮುಂಬಾಗಿಲು ತೆರೆಯುತ್ತದೆ. ಬಾಗಿಲ ಪಕ್ಕ ಒಂದು ಬಿಳಿ ಹಲಗೆ. ಮೇಲ್ಗಡೆ ದೊಡ್ಡ ಅಕ್ಷರದಲ್ಲಿ, ಆ ದೇಶದ ಭಾಷೆಯಲ್ಲಿ, "ಇಂದು ನಾನು ಯಾವುದಕ್ಕೆ ಕೃತಜ್ಞ?" ಎಂದಿದೆ. ಕೆಲಸದವರೆಲ್ಲ ದಿನವೂ ಒಂದೊಂದು ಸಾಲು ಬರೆಯಬೇಕು. ಇದು ಮಾಲೀಕರ ನಾಲ್ಕು ವರ್ಷದ ಕಟ್ಟಪ್ಪಣೆ. ಗಿರಾಕಿಗಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ದೋಣಿ ನಡೆಸುವವನು ನಾಲ್ಕು ವರ್ಷದಿಂದ "ಬಿಸಿಲು" ಎಂಬ ಒಂದೇ ಪದದಲ್ಲಿ ಸಂಸಾರ ಸಾಗಿಸುತ್ತಿದ್ದಾನೆ. ನಮ್ಮ ಟೀಚರ್ ಕನ್ನಡದಲ್ಲಿ ಬರೆಯುತ್ತಾರೆ. ಮಾಲೀಕರಿಗೆ ಅದು ಬಹಳ ಇಷ್ಟ, ಅಕ್ಷರ ಗುಂಡಗೆ ಮುದ್ದಾಗಿದೆಯಂತೆ.

ಅಂದು ಅವರು ಬರೆದ ಸಾಲನ್ನು ಓದಿ ನನ್ನ ಪೆನ್ನು ಕೈಯಲ್ಲೇ ಒಣಗಿತು. "ಎಡಗಿವಿ ಹೋಗಿ ಎರಡು ವರ್ಷ. ಬಲಗಿವಿ ಅರ್ಧ. ಇವತ್ತೂ ನಾಲ್ಕು ಜನರನ್ನು ಇಳಿಸುತ್ತಿದ್ದೇನೆ."

ನಾನು ಅವರ ಮುಖ ನೋಡಿದೆ. ಅವರು ಗೋಡೆ ನೋಡಿದರು. ಅಷ್ಟರಲ್ಲಿ ಮಾಲೀಕರು ಬಂದರು. ನಗುವನ್ನೂ ಇಸ್ತ್ರಿ ಮಾಡಿಸಿದ ಹಾಗಿದೆ. ನಾನು ಕನ್ನಡ ಓದಬಲ್ಲ ಪತ್ರಕರ್ತ ಎಂದು ತಿಳಿದದ್ದೇ ತಡ, ನಾಲ್ವರು ಗಿರಾಕಿಗಳನ್ನೂ ಕರೆದು ನಿಲ್ಲಿಸಿದರು. "ಇಷ್ಟು ದಿನ ಯಾರಿಗೂ ಅರ್ಥವಾಗಿರಲಿಲ್ಲ. ಇವತ್ತು ಓದಿ ಹೇಳಿಬಿಡಿ."

ಏನು ಮಾಡುವುದು? ಬಾಯಿ ನನ್ನದು, ಕೂಳು ಆಕೆಯದು. "ಈ ಕಡಲು ನನ್ನನ್ನು ಮಗಳಂತೆ ಮಡಿಲಿಗೆ ಹಾಕಿಕೊಂಡಿದೆ, ಏಳು ಜನ್ಮ ಎತ್ತಿದರೂ ತೀರದ ಋಣ ಇದು," ಎಂದು ಅವರ ಭಾಷೆಗೆ ತಿರುಗಿಸಿ ಓದಿದೆ. ಗಿರಾಕಿಗಳು ಚಪ್ಪಾಳೆ ತಟ್ಟಿದರು. ಅವರಲ್ಲೊಬ್ಬ ಹೆಂಗಸು ಕಣ್ಣೊರೆಸಿಕೊಂಡು ಟೀಚರನ್ನು ತಬ್ಬಿಕೊಂಡರು. ಆಮೇಲೆ ಆ ನಾಲ್ವರೂ ಅದೇ ಟೀಚರ ಹಿಂದೆ ದೋಣಿ ಹತ್ತಿದರು.

ನಲವತ್ತು ನಿಮಿಷ ನಾನು ದೋಣಿಯಲ್ಲಿ ಕೂತು ನೀರಿನ ಮೇಲಿನ ಗುಳ್ಳೆ ಎಣಿಸುತ್ತೇನೆ. ಐದು ಜನರಿಗೆ ಐದು ಗುಂಪು ಗುಳ್ಳೆ. ಒಂದು ಗುಂಪು ತಡವಾದರೆ ಮತ್ತೆ ಒಂದರಿಂದ ಎಣಿಸುತ್ತೇನೆ. ಐದೂ ತಲೆ ಮೇಲೆ ಬರುತ್ತವೆ.

"ಚೆನ್ನಾಗಿ ಸುಳ್ಳು ಹೇಳ್ತೀರಿ," ಎನ್ನುತ್ತಾರೆ ಟೀಚರ್, ಉಡುಪು ಬಕೆಟ್ಟಿಗೆ ಅದ್ದುತ್ತ. "ಪೇಪರಲ್ಲೂ ಹೀಗೇನಾ?"

"ನಿಮ್ಮ ಕೆಲಸ ಹೋಗಬಾರದು ಅಂತ..."

"ನಾನು ಕೇಳಿದ್ನಾ?" ಇನ್ನೊಂದು ಉಡುಪು ಹಿಂಡಿ ಹಾಕುತ್ತಾರೆ. "ಹೋದ ತಿಂಗಳು ಒಬ್ಬ ಬ್ರೆಡ್ ಮಾಡೋನು ಬಂದಿದ್ದ. ಕೆಳಗೆ ಗಾಳಿ ಮುಗೀತಾ ಬಂದ್ರೆ ಸಿಲಿಂಡರಿಗೆ ಕಬ್ಬಿಣದಲ್ಲಿ ಬಡೀಬೇಕು, ನಾನು ಬರ್ತೀನಿ ಅಂತ ನಾನೇ ಹೇಳಿಕೊಟ್ಟಿದ್ದೆ. ಅವನು ಹನ್ನೊಂದು ಸಲ ಬಡಿದ. ನಾನು ಎರಡು ಮಾರು ಮುಂದೆ ಇದ್ದೆ. ನನಗೆ ಒಂದೂ ಕೇಳಿಸಲಿಲ್ಲ."

"ಮತ್ತೆ ಹೇಗೆ...?"

"ಕಿವಿ ಹೋದಾಗಿಂದ ಒಂದು ಅಭ್ಯಾಸ. ಮೂರು ಉಸಿರಿಗೊಂದು ಸಲ ತಿರುಗಿ ನೋಡೋದು. ಅವತ್ತು ಒಂದು ಸಲ ಆರು ಉಸಿರಾಗಿತ್ತು, ಒಂದು ಆಮೆ ಬಂದಿತ್ತು ನೋಡಿ. ತಿರುಗಿದ್ರೆ ಅವನ ಕಣ್ಣು ಇಷ್ಟಗಲ. ನನ್ನ ಸಿಲಿಂಡರಿನ ಇನ್ನೊಂದು ಉಸಿರಿನ ಕೊಳವೆ ಅವನ ಬಾಯಿಗೆ ಕೊಟ್ಟು ಮೇಲೆ ತಂದೆ. ಅವನು ಅತ್ತ. ನನ್ನ ಪ್ರಾಣ ಉಳಿಸಿದ ದೇವತೆ ಅಂತ ಅಂಗಡಿ ಪುಸ್ತಕದಲ್ಲಿ ಬರೆದು ಹೋದ. ನನ್ನಿಂದಲೇ ಸಾಯೋನಿದ್ದ ಕಣ್ರೀ, ನನಗೇ ಥ್ಯಾಂಕ್ಸ್ ಹೇಳಿ ಹೋದ."

ಮರುದಿನದಿಂದ ಹಲಗೆಯ ಮೇಲೆ ಸತ್ಯ ಬರೆಯಲು ಶುರು ಮಾಡಿದರಂತೆ. ಯಾರಿಗೂ ಓದಲು ಬಾರದ ಅಕ್ಷರದಲ್ಲಿ. "ಹೇಳಿದ ಹಾಗೂ ಆಯ್ತು, ಹೇಳದ ಹಾಗೂ ಆಯ್ತು ಅಂದ್ಕೊಂಡೆ. ಎಂಥ ಕಳ್ಳಬುದ್ಧಿ ನೋಡಿ. ಕೊನೆಗೆ ಓದಬಲ್ಲೋರು ಒಬ್ರು ಬಂದ್ರು. ಅವರೂ ಸುಳ್ಳು ಓದಿದ್ರು."

ಮೂವತ್ತು ವರ್ಷದ ಪತ್ರಿಕಾವೃತ್ತಿಯಲ್ಲಿ ಮಂತ್ರಿಗಳಿಂದ ಹಿಡಿದು ಮಠಾಧಿಪತಿಗಳವರೆಗೆ ನನ್ನನ್ನು ಬೈದವರ ಸಾಲು ಇಲ್ಲಿಂದ ಚಂದ್ರನವರೆಗಿದೆ. ಯಾರದೂ ಇಷ್ಟು ನಾಟಿರಲಿಲ್ಲ.

ಮನೆ ಎಂದರೆ ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಒಂದು ಕೋಣೆ. ಎರಡು ಮಂಚ, ಒಂದು ಒಲೆ, ನೆಲದಿಂದ ಬರುವ ಸೋಪಿನ ಬಿಸಿ ವಾಸನೆ. ಸಂಜೆ ಆರಕ್ಕೆ ಮಗಳು ಶಾಲೆಯಿಂದ ಬರುತ್ತಾಳೆ. ಹದಿನೇಳರ ಹುಡುಗಿ. ಬಂದವಳೇ ಅಮ್ಮನ ಬಲಗಡೆಗೆ ಹೋಗಿ ಕೂರುತ್ತಾಳೆ. ಮೇಜಿನ ಮೇಲೆ ಒಂದು ಫಾರಂ. ಡೈವಿಂಗ್ ಕಲಿಸುವವರು ವರ್ಷಕ್ಕೊಮ್ಮೆ ತುಂಬಬೇಕಾದ ಆರೋಗ್ಯದ ಫಾರಂ, ನಾಳೆ ಕೊಡಬೇಕು. ಒಂಬತ್ತನೇ ಪ್ರಶ್ನೆ ಕಿವಿಯದು. ಎರಡು ವರ್ಷ ಅಲ್ಲಿ "ತೊಂದರೆ ಇಲ್ಲ" ಎಂದೇ ಗುರುತು ಹಾಕಿದ್ದಾರೆ. ವೈದ್ಯರು ಅದರ ಮೇಲೆ ಕಣ್ಣುಮುಚ್ಚಿ ಮುದ್ರೆ ಒತ್ತಿದ್ದಾರೆ. ನಿಜ ಬರೆದರೆ ಲೈಸೆನ್ಸ್ ಹೋಗುತ್ತದೆ. ಲೈಸೆನ್ಸ್ ಹೋದರೆ ಮೂರು ತಿಂಗಳಲ್ಲಿ ಇಲ್ಲಿರುವ ಪರವಾನಗಿ ಮುಗಿಯುತ್ತದೆ. ಮಗಳ ಶಾಲೆಯ ಕೊನೆಯ ಪರೀಕ್ಷೆಗೆ ನಾಲ್ಕು ತಿಂಗಳಿದೆ.

"ಅಮ್ಮ, ಇದೊಂದು ಸಲ," ಎನ್ನುತ್ತಾಳೆ ಮಗಳು. "ಎರಡು ಸಲ ಹಾಕಿಲ್ವಾ? ಇನ್ನೊಂದೇ ಒಂದು ಸಲ."

"ಹಾಕ್ತೀನಿ. ನಾಳೆ ಬೆಳಿಗ್ಗೆ ನೀನು ನನ್ನ ಜೊತೆ ಇಳೀತೀಯಾ? ಹದಿನೆಂಟು ಮೀಟರ್. ನನ್ನ ಹಿಂದೆ."

ಮಗಳು ಎದ್ದು ಹೋಗಿ ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆಯುತ್ತಾಳೆ.

ಕೃತಜ್ಞತೆ ಇಲ್ಲವೇ ಈ ದೇಶದ ಬಗ್ಗೆ ಎಂದು ನಾನು ಕೇಳಿದಾಗ ಟೀಚರ್ ಫಾರಂನಿಂದ ಕಣ್ಣೆತ್ತುತ್ತಾರೆ. "ಯಾಕಿಲ್ಲ? ಮೊದಲನೇ ಸಲ ಕೆಳಗೆ ಹೋದಾಗ ನನ್ನನ್ನ ಯಾರೂ ಏನೂ ಕೇಳದೇ ಇರೋ ಜಾಗ ಒಂದಿದೆ ಅಂತ ಗೊತ್ತಾಯ್ತು. ಗಂಡ ಎಲ್ಲಿ, ಯಾಕೆ ಬಿಟ್ಟ, ಏನೂ ಇಲ್ಲ. ಅಲ್ಲಿ ಅತ್ತರೂ ಯಾರಿಗೂ ಕಾಣಲ್ಲ. ಈ ಊರು ನನಗೆ ಅದನ್ನ ಕೊಡ್ತು. ಕಿವಿ ತಗೊಂಡಿತು, ಅದೂ ನಿಜ. ಆದ್ರೆ ದಿನಾ ಬೆಳಿಗ್ಗೆ ಏಳೂವರೆಗೆ ಬಾಯಿಗೆ ಬೆರಳು ಹಾಕಿ ತೆಗೆಸಿದ್ರೆ ಅದು ಕೃತಜ್ಞತೆ ಅಲ್ಲ. ವಾಂತಿ."

ಮರುದಿನ ಶನಿವಾರ. ಅದೇ ಐದೂಕಾಲು, ಅದೇ ಶೆಡ್ಡು, ಅದೇ ಇಪ್ಪತ್ತೆಂಟು ಸಿಲಿಂಡರು. ಏಳೂವರೆಗೆ ಟೀಚರ್ ಹಲಗೆಯ ಮುಂದೆ ನಿಲ್ಲುತ್ತಾರೆ. ಈ ಸಲ ಬರೆಯುವುದು ಮಾಲೀಕರ ಭಾಷೆಯಲ್ಲಿ. ಕೈಗೆ ಒಗ್ಗದ ಲಿಪಿ, ಅಕ್ಷರಗಳು ಏಣಿ ಹತ್ತಿದ ಹಾಗೆ ಮೇಲಕ್ಕೆ ಹೋಗುತ್ತವೆ. "ನನಗೆ ಕಿವಿ ಕೇಳಿಸುವುದಿಲ್ಲ. ಇಂದಿನಿಂದ ಕಲಿಯುವವರನ್ನು ಕರೆದುಕೊಂಡು ಇಳಿಯುವುದಿಲ್ಲ."

ಮಾಲೀಕರು ಓದುತ್ತಾರೆ. ಬೀದಿಯ ಕಡೆಗೊಮ್ಮೆ ಕಣ್ಣು ಹಾಯಿಸುತ್ತಾರೆ. ಗಿರಾಕಿಗಳು ಇನ್ನೂ ತಿರುವಿನಲ್ಲಿದ್ದಾರೆ. ತೋಳಿನಿಂದ ಹಲಗೆ ಒರೆಸಿಬಿಡುತ್ತಾರೆ. "ಎಷ್ಟು ದಿನದಿಂದ?" ಎಂದು ಕೇಳುತ್ತಾರೆಂದು ನಾನು ಕಾಯುತ್ತೇನೆ. ಕೇಳುವುದಿಲ್ಲ. "ಪರವಾನಗಿ ಮುಗಿಯುವವರೆಗೆ ಗಾಳಿ ತುಂಬಿಕೊಂಡಿರು. ಆಮೇಲೆ ನನ್ನ ಕೈಯಲ್ಲಿಲ್ಲ," ಎನ್ನುತ್ತಾರೆ. ಎರಡು ಹೆಜ್ಜೆ ಹೋಗಿ ತಿರುಗುತ್ತಾರೆ. "ಹಲಗೆ ಖಾಲಿ ಬಿಡಬೇಡ. ನಿನ್ನೆಯದನ್ನೇ ಬರೆ, ಆ ಮಡಿಲಿನ ಮಾತು. ಅದು ಚೆನ್ನಾಗಿತ್ತು."

ಟೀಚರ್ ಪೆನ್ನಿನ ಮುಚ್ಚಳ ಹಾಕಿ ಶೆಡ್ಡಿಗೆ ನಡೆಯುತ್ತಾರೆ. ಹಲಗೆ ಖಾಲಿಯೇ ಉಳಿಯುತ್ತದೆ. ಫಾರಂ ಅವರ ಅಂಗಿಯ ಜೇಬಿನಲ್ಲಿದೆ, ಒಂಬತ್ತನೇ ಪ್ರಶ್ನೆಗೆ ಉತ್ತರ ಬದಲಾಗಿದೆ. ಪರೀಕ್ಷೆಗೆ ಕಡಿಮೆ ಬಿದ್ದ ಆ ಒಂದು ತಿಂಗಳಿಗೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಬಲಗಿವಿಗೆ ಬಾಗಿ, ಎರಡು ಸಲ.

"ಶಾಲೆಯ ಟೀಚರನ್ನ ಸೋಮವಾರ ನೋಡ್ತೀನಿ. ಮಗಳನ್ನಾದ್ರೂ ಅಷ್ಟು ದಿನ ಇಟ್ಕೊಳ್ಳಿ ಅಂತ ಕೇಳ್ತೀನಿ. ಕೇಳೋಕೇನು, ಕೇಳಬಹುದು." ಸ್ಟೂಲಿನ ಕೆಳಗಿನಿಂದ ಉಪ್ಪು ಹಿಡಿದು ಉಬ್ಬಿದ ಡೈರಿ ತೆಗೆದು, ಕೊನೆಯ ಪುಟ ತೋರಿಸುತ್ತಾರೆ. ನಿನ್ನೆಯ ನಾಲ್ವರನ್ನೂ ಸೇರಿಸಿ ಕೆಳಗೆ ಗೆರೆ ಎಳೆದಿದ್ದಾರೆ.

"ಇಳಿದೋರು ಆರು ಸಾವಿರದ ನಾನೂರ ಹನ್ನೊಂದು. ಹತ್ತಿದೋರು ಆರು ಸಾವಿರದ ನಾನೂರ ಹನ್ನೊಂದು. ಬರ್ಕೊಳ್ಳಿ," ಎನ್ನುತ್ತಾರೆ. ನಾನು ಬರೆಯುವುದನ್ನು ಬಗ್ಗಿ ನೋಡುತ್ತಾರೆ. "ಇದಕ್ಕೆ ಮಾತ್ರ ಸೊನ್ನೆ ಸೇರಿಸಬೇಡಿ."